ಪ್ರೊಸ್ಪರ್ ಕಾಕನ ಹೆಲ್ಮೆಟ್ಟು

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ನಾನು ಐದು ಜನಕ್ಕಾಗುವಷ್ಟು ಅಕ್ಕಿ ತೊಳೆದೆ. ಅತ್ತೆ ಪಾತ್ರೆಗೆ ಇಣುಕಿ ನೋಡಿ, ಒಂದು ಹಿಡಿ ತೆಗೆದು ಡಬ್ಬಕ್ಕೆ ವಾಪಸು ಹಾಕಿದರು. ಒದ್ದೆ ಅಕ್ಕಿ ಬಿದ್ದರೆ ಡಬ್ಬದ ಅಕ್ಕಿಯೆಲ್ಲ ಮುಗ್ಗುತ್ತದೆಂದು ಅವರಿಗೆ ಗೊತ್ತಿತ್ತು.

ಅಂಗಳದಲ್ಲಿ ಹೋತ ಅರಚುತ್ತಿತ್ತು. ಕಂದು ಮೈ, ಒಂದು ಕಿವಿ ಬಿಳಿ. ಕೊರಳಲ್ಲಿ ಇನ್ನೂ ಚೆಂಡುಹೂವಿನ ಹಾರವಿತ್ತು. ಬಾಯಿಗೆ ಎಟುಕಿದಷ್ಟನ್ನು ಅದೇ ತಿಂದಿತ್ತು.

"ಅದಕ್ಕೇನಾದ್ರೂ ಹಾಕ್ರೇ," ಎಂದು ಮಾವ ಒಳಗಿನಿಂದ ಕೂಗಿದರು. "ಬೆಳಿಗ್ಗೆಯಿಂದ ಒಂದೇ ಸಮ!"

"ನೀವೇ ಎದ್ದು ಹಾಕಿ," ಅಂದರು ಅತ್ತೆ. "ಮಕ್ಕಳಿಗೆ ಈ ಹುಚ್ಚು ಹಿಡಿಸಿದ್ದು ನೀವಲ್ವಾ?"

ನಮ್ಮ ಕಡೆಯ ಹಾಕಿ ಪಂದ್ಯಗಳಲ್ಲಿ ಗೆದ್ದವರಿಗೆ ಕಪ್ ಇಡುವುದಿಲ್ಲ, ಖಸ್ಸಿ ಇಡುತ್ತಾರೆ. ಬೀಜ ಒಡೆದು ಕೊಬ್ಬಿಸಿದ ಹೋತ. ಗೆದ್ದ ತಂಡದ ನಾಯಕ ಅದನ್ನು ನಡೆಸಿಕೊಂಡೇ ಊರಿಗೆ ತರಬೇಕು. ಗಾಡಿಯಲ್ಲಿ ಹೇರಿಕೊಂಡು ಬಂದರೆ ಕದ್ದು ತಂದಿರಾ ಎಂದು ನಗುತ್ತಾರೆ. ಆ ಭಾನುವಾರ ಪಕ್ಕದೂರು ಬಡಟೋಲಿಯಲ್ಲಿ ಫೈನಲ್ ಗೆದ್ದಾಗ ನನ್ನ ನಾದಿನಿ ಸೆರ್ಫಿನಾಳ ಮೊಣಕಾಲು ಊದಿಕೊಂಡಿತ್ತು. ಅವಳು ಊರಿನ ಗಂಡಸರ ತಂಡದ ಗೋಲ್‌ಕೀಪರ್. ನಾಯಕ ಅವಳ ಅಣ್ಣ ಅಲ್ಬನ್, ನನ್ನ ಗಂಡ. ಅವಳನ್ನು ಟ್ರ್ಯಾಕ್ಟರಿಗೆ ಹತ್ತಿಸಿ, ಹಿಡಿದುಕೊಳ್ಳಲಿ ಎಂದು ಹುಡುಗರನ್ನೂ ಅದರಲ್ಲೇ ಕಳಿಸಿ, ಅವನೊಬ್ಬ ಹೋತದ ಹಗ್ಗ ಹಿಡಿದು ಕಾಡಿನ ಅಡ್ಡದಾರಿಯಲ್ಲಿ ಹೊರಟ. ಮೂರು ಕಿಲೋಮೀಟರು.

ಸಂಜೆ ಐದೂವರೆಗೆ ಹೋತ ಒಂದೇ ಬಂತು. ಅತ್ತೆ ಹಗ್ಗದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಕಡಿದದ್ದಲ್ಲ," ಅಂದರು. "ಹರಿದದ್ದು."

ಭತ್ತ ಹಣ್ಣಾಗುವ ಕಾಲ. ಗದ್ದೆಯಂಚಿಗೆ ಹಿಂಡು ಬಂದಿರುವುದು ಎರಡೂ ಊರಿಗೆ ಗೊತ್ತಿತ್ತು. ಈಗ ನಮ್ಮ ಮನೆಯಲ್ಲಿ ಯಾರೂ ಆನೆ ಎನ್ನುವುದಿಲ್ಲ. "ಅವು" ಎನ್ನುತ್ತೇವೆ.

ನಮ್ಮ ಮದುವೆಯಾಗಿ ಎರಡು ವರ್ಷ ನಾಲ್ಕು ತಿಂಗಳಾಗಿತ್ತು.

*

ಮೊದಲ ವಾರ ಅತ್ತೆ ಅಕ್ಕಿ ಹೆಂಡ ಹಾಕುವುದನ್ನು ನಿಲ್ಲಿಸಿದರು. ಅದರ ವಾಸನೆಗೆ ಅವು ಗೋಡೆ ಒಡೆದುಕೊಂಡು ಬರುತ್ತವೆ. ನಾಲ್ಕೂವರೆಗೆಲ್ಲ ಬಾಗಿಲು ಹಾಕಿ, ಒಣಮೆಣಸಿನಕಾಯಿ ಸೇರಿಸಿ ತಟ್ಟಿದ ಬೆರಣಿಗೆ ಕಿಚ್ಚಿಡುತ್ತಿದ್ದರು. ನಾವು ಕೆಮ್ಮುತ್ತಾ ಉಣ್ಣುತ್ತಿದ್ದೆವು. ಯಾರ ಮನೆಯಲ್ಲಾದರೂ ತಗಡು ಸದ್ದಾದರೆ ನಾಲ್ವರ ಕೈಯೂ ತಟ್ಟೆಯಲ್ಲೇ ನಿಲ್ಲುತ್ತಿತ್ತು.

ನಾನು ಬಾವಿಯಿಂದಾಚೆ ಹೋಗಲಿಲ್ಲ.

ಹನ್ನೊಂದನೆಯ ದಿನ ಅತ್ತೆ ಅಲ್ಬನ್ ಅವರಿವರಿಂದ ತಂದಿಟ್ಟುಕೊಂಡ ಸಾಮಾನುಗಳನ್ನೆಲ್ಲ ಹುಡುಕಿ ಜಗುಲಿಯ ಮೇಲೆ ಜೋಡಿಸಿದರು. ಪಕ್ಕದ ಮನೆಯ ಗುದ್ದಲಿ. ಚರ್ಚಿನ ಏಣಿ. ಮೇಷ್ಟರ ಸೈಕಲ್ ಪಂಪು. ಬಡಟೋಲಿಯ ಪ್ರೊಸ್ಪರ್ ಕಾಕನ ಗೋಲ್‌ಕೀಪರ್ ಹೆಲ್ಮೆಟ್ಟು.

"ನಲವತ್ತನೇ ದಿನ ಚರ್ಚಲ್ಲಿ ಬಲಿಪೂಜೆ ಆಗೋದ್ರೊಳಗೆ ಇವೆಲ್ಲ ಅವರವರ ಮನೆ ಸೇರ್ಬೇಕು," ಅಂದರು. "ಇಲ್ದಿದ್ರೆ ವಾಪಸ್ ಕೊಡೋಕೆ ಅವನೇ ಬರ್ತಾನೆ."

"ಬರ್ಲಿ ಬಿಡು," ಎಂದಳು ಸೆರ್ಫಿನಾ.

ಅತ್ತೆ ಅವಳ ಕೆನ್ನೆಗೆ ಹೊಡೆದರು. ಸೆರ್ಫಿ ಅಳಲಿಲ್ಲ. ಹೆಲ್ಮೆಟ್ಟನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ಇದು ಮಾತ್ರ ಈಗ ಹೋಗಲ್ಲ. ನಂಗೆ ಟ್ರಯಲ್ ಇದೆ."

"ಯಾವ ಟ್ರಯಲ್ಲು?"

"ಫೈನಲ್ ದಿನ ಟೋಪಿ ಹಾಕ್ಕೊಂಡು ಒಬ್ರು ಬಂದಿದ್ರಲ್ಲ, ಅವರು ಫೋನ್ ಮಾಡಿದ್ರು. ರೂರ್ಕೆಲಾದಲ್ಲಿ ಲೀಗ್ ತಂಡದ ಶಿಬಿರ. ಪೆನಾಲ್ಟಿ ಕಾರ್ನರ್ ಹೊಡೆಯೋರಿಗೆ ಅಭ್ಯಾಸ ಮಾಡ್ಸೋಕೆ ಒಬ್ಳು ಕೀಪರ್ ಬೇಕಂತೆ. ಇಬ್ರು ಹುಡ್ಗೀರು ಏಟು ಬಿದ್ದು ಮನೆಗೆ ಹೋಗಿದಾರೆ. ಹೆಲ್ಮೆಟ್ ನಾವೇ ತರ್ಬೇಕು."

ಮಾವ ಬಾಯಿಂದ ಹಲ್ಲಿನ ಸೆಟ್ಟು ತೆಗೆದು ಲೋಟದಲ್ಲಿ ಹಾಕಿದರು. ಜಗಳವಾಡುವ ಮುಂಚೆ ಅವರು ಹಾಗೇ ಮಾಡುವುದು. ನಲವತ್ತು ವರ್ಷದ ಕೆಳಗೆ, ಬರಿಗಾಲಲ್ಲಿ, ಬರಿ ಮುಖದಲ್ಲಿ ಗೋಲಿಗೆ ನಿಂತು ಮುಂದಿನ ಹಲ್ಲು ನಾಲ್ಕು ಕಳೆದುಕೊಂಡಿದ್ದರು.

"ಅಂದ್ರೆ ಏಟು ತಿನ್ನೋ ಕೆಲ್ಸ," ಅಂದರು.

"ಕೀಪರ್ ಕೆಲ್ಸ ಅದೇ ಅಲ್ವಾ ಅಪ್ಪ?"

"ಹಾಕಿ ಹಾಸ್ಟೆಲಿಗೆ ಸೇರ್ಸೋಕೆ ಹೋದಾಗ ಏನಂದ್ರು? ಕುಳ್ಳಿ, ಮನೆಗೆ ಕರ್ಕೊಂಡು ಹೋಗಿ ಅಂದ್ರು. ಹದಿಮೂರು ವರ್ಷಕ್ಕೇ ಬೇಡ ಅಂದೋರು ಇಪ್ಪತ್ಮೂರಕ್ಕೆ ಯಾಕೆ ಕರೀತಾರೆ? ಗೋಡೆ ಬೇಕಾಗಿದೆ ಅವ್ರಿಗೆ. ಬೈಯ್ದ್ರೂ ಸುಮ್ನಿರೋ ಗೋಡೆ."

"ದೆಹಲಿಯಲ್ಲಿ ಐದು ವರ್ಷ ಇನ್ನೊಬ್ರ ಮನೆ ಪಾತ್ರೆ ತೊಳೆದೆ. ಆಗ ಯಾರಾದ್ರೂ ಬೇಡ ಅಂದ್ರಾ? ಅಲ್ಲಿ ಬೈಸ್ಕೊಂಡಷ್ಟು ಇಲ್ಲಿ ಬೈಯಲ್ಲ ಬಿಡು."

"ನಾಳೆ ಬೆಳಿಗ್ಗೆ ಆ ಹೆಲ್ಮೆಟ್ಟು ಬಡಟೋಲಿಗೆ ಹೋಗ್ಬೇಕು," ಎಂದರು ಅತ್ತೆ.

ಸೆರ್ಫಿ ನನ್ನ ಕಡೆ ತಿರುಗಿದಳು. "ಅತ್ತಿಗೇ, ನೀನು ಹೇಳು. ತಂದಿದ್ದು ನಿನ್ನ ಗಂಡ. ಟ್ರಯಲ್ ಮೂವತ್ನಾಲ್ಕನೇ ದಿನ."

ಮೂವರೂ ನನ್ನನ್ನೇ ನೋಡಿದರು. ನನ್ನ ಕೈಯಲ್ಲಿ ಹುರುಳಿಯ ಮೊರವಿತ್ತು. ಕಲ್ಲೊಂದು ಸಿಕ್ಕಿತು, ಎಸೆದೆ.

"ಮೂವತ್ತೊಂಬತ್ತನೇ ದಿನ ಕೊಡ್ತೀನಿ," ಎಂದೆ. "ನಾನೇ ಹೋಗಿ ಕೊಡ್ತೀನಿ."

ಹೇಳಿದ ಮೇಲೆ ಬಡಟೋಲಿಗೆ ಯಾವ ದಾರಿಯಲ್ಲಿ ಹೋಗುತ್ತಾರೆಂದು ನೆನಪಾಯಿತು. ರಸ್ತೆ ಸುತ್ತಿದರೆ ಹದಿನಾಲ್ಕು ಕಿಲೋಮೀಟರು, ಬಸ್ಸಿಲ್ಲ. ಅಲ್ಬನ್‌ನ ಬೈಕು ಓಡಿಸುವುದು ನನಗೆ ಬರುವುದಿಲ್ಲ.

"ಎಂ.ಎ. ಓದಿದೋಳು," ಎಂದರು ಅತ್ತೆ. "ಬಾವಿ ಹತ್ರ ಹೋಗೋಕೆ ನಡುಗ್ತೀಯ. ನೀನು ಹೋಗ್ತೀಯ?"

*

ಎರಡು ದಿನ ಬಿಟ್ಟು ತಂಡದ ಬೆಂಜಮಿನ್ ಬಂದ. ಅಂಗಳದಲ್ಲಿ ನಿಂತು ಚಪ್ಪಲಿಯಿಂದ ನೆಲ ಕೆರೆದ.

"ಚಿಕ್ಕಮ್ಮ, ಬೇಜಾರಾಗ್ಬೇಡಿ. ಮಾಂಸದಾಸೆಗೆ ಕೇಳ್ತಿಲ್ಲ. ಗೆದ್ದ ಖಸ್ಸಿ ತಂಡದ ಹೊಟ್ಟೆಗೆ ಬೀಳೋತನಕ ಮುಂದಿನ ಪಂದ್ಯಕ್ಕೆ ಹೆಸರು ಬರೆಸ್ಕೊಳಲ್ಲ."

"ಹೋತ ಕಡಿಯಲ್ಲ," ಅಂದರು ಅತ್ತೆ.

"ಪ್ರೊಸ್ಪರ್ ಕಾಕಂಗೆ ಹಿಂದಿನ ತೊಡೆ ಕೊಡ್ತೀನಿ ಅಂತ ಅಲ್ಬನ್ ಮಾತು ಕೊಟ್ಟಿದ್ದ. ಹೆಲ್ಮೆಟ್ಟಿನ ಬಾಬ್ತು. ಅವರೂರನ್ನ ಅವರ ಹೆಲ್ಮೆಟ್ ಹಾಕ್ಕೊಂಡೇ ಸೋಲಿಸಿದ್ವಲ್ಲ, ತೊಡೆನೂ ಕೊಡ್ದಿದ್ರೆ..."

"ನನ್ನ ಮಗನ್ನ ಕೊನೇಗೆ ನೋಡಿದ್ದು ಅದು. ಕಡಿಯಲ್ಲ."

ಬೆಂಜಮಿನ್ ಹೋತವನ್ನು ನೋಡಿದ. ಹೋತ ಅವನನ್ನು ನೋಡಿತು. ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡು ಹೊರಟುಹೋದ.

ಅಂದಿನಿಂದ ಗಂಜಿಯ ತಿಳಿ ಮೊದಲು ಹೋತಕ್ಕೆ, ಆಮೇಲೆ ಮಾವನಿಗೆ. "ನಾನೂ ಒಂದು ಹಾರ ಹಾಕ್ಕೊಂಡು ಕೂತ್ಕೋಬೇಕು," ಎಂದು ಮಾವ ಗೊಣಗಿದರು. ಹೋತ ಹಗ್ಗ ಅಗಿಯುವುದು ಕಲಿಯಿತು. ವಾರಕ್ಕೆ ಎರಡು ಹಗ್ಗ ಬೇಕಾಯಿತು.

*

ಅಣ್ಣ ಇದ್ದಾಗ ಸೆರ್ಫಿ ಕೊಯ್ದ ಗದ್ದೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ಅವನು ಹೊಡೆಯುವುದು, ಇವಳು ತಡೆಯುವುದು. ಗೋಣಿಚೀಲಕ್ಕೆ ಹಳೆ ಹಾಸಿಗೆಯ ಫೋಮು ತುಂಬಿ, ಸೈಕಲ್ ಟ್ಯೂಬಿನಿಂದ ಕಾಲಿಗೆ ಕಟ್ಟಿಕೊಳ್ಳುತ್ತಿದ್ದಳು. ಈಗ ಗದ್ದೆಗೆ ಹೋಗಲು ಅತ್ತೆ ಬಿಡಲಿಲ್ಲ. ಗದ್ದೆಯಾಚೆಗೆ ಕಾಡು.

"ಅತ್ತಿಗೇ, ನೀನು ಹೊಡಿ," ಎಂದಳು ಒಂದು ಮಧ್ಯಾಹ್ನ. ಅಲ್ಬನ್‌ನ ಹಾಕಿ ಕೋಲನ್ನು ನನ್ನ ಕೈಗಿಟ್ಟಳು. ಅವನ ಬೆವರಿಗೆ ಹಿಡಿಕೆಯ ಬಟ್ಟೆ ಕಪ್ಪಾಗಿತ್ತು.

"ನಂಗೆ ಬರಲ್ಲ."

"ಬರ್ದೇ ಇರೋರು ಹೊಡೆದ್ರೇ ತಡೆಯೋದು ಕಷ್ಟ. ಎಲ್ಲಿಗೆ ಬರುತ್ತೋ ಹೊಡೆಯೋರಿಗೂ ಗೊತ್ತಿರಲ್ಲ."

ಅವಳು ಹಟ್ಟಿಯ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಹೆಲ್ಮೆಟ್ಟಿನ ಸರಳುಗಳ ಹಿಂದೆ ಎರಡು ಕಣ್ಣು ಮಾತ್ರ. ಮೊದಲ ಚೆಂಡು ಕೋಳಿಗೂಡಿಗೆ ಬಿತ್ತು. ಎರಡನೆಯದು ನೀರಿನ ಮಡಕೆ ಒಡೆಯಿತು.

"ಇದ್ದಿದ್ದೊಂದು ಮಡಕೆ!" ಎಂದು ಅತ್ತೆ ಓಡಿಬಂದರು. "ಇಬ್ರೂ ಸೇರಿ ಮನೆ ಬೀಳಿಸ್ತೀರಾ? ಅವು ಬಂದು ಬೀಳಿಸೋದು ಸಾಲ್ದಾ?"

ಮೂರನೆಯದು ಸೆರ್ಫಿಯ ಪಕ್ಕೆಗೆ ಬಡಿಯಿತು. ಹಸಿ ಗೋಡೆಗೆ ಮಣ್ಣುಂಡೆ ಎಸೆದಂತೆ ಸದ್ದಾಯಿತು. ಅವಳು ಬಾಗಿದಳು. ನಾನು ಕೋಲು ಬಿಸಾಡಿದೆ.

"ಎತ್ಕೋ," ಎಂದಳು, ಬಾಗಿಕೊಂಡೇ. "ಅತ್ತಿಗೇ, ಕೋಲು ಎತ್ಕೋ. ಅಲ್ಲಿ ಇದರ ನಾಲ್ಕರಷ್ಟು ಜೋರಾಗಿ ಬರುತ್ತೆ."

ಹದಿನೆಂಟು ದಿನ ಹೊಡೆದೆ. ಅವಳ ಪಕ್ಕೆ, ತೋಳು, ತೊಡೆಯ ಮೇಲೆ ನೇರಳೆ ಬಣ್ಣದ ಗುಂಡಗಿನ ಗುರುತುಗಳಾದವು. ನಾನೇ ಎಣ್ಣೆ ಬಿಸಿ ಮಾಡಿ ಹಚ್ಚುತ್ತಿದ್ದೆ. ಅತ್ತೆ ಆ ಕಡೆ ನೋಡುತ್ತಿರಲಿಲ್ಲ. ಆದರೆ ಅವಳ ಅನ್ನದೊಳಗೆ ಮೊಟ್ಟೆಯೊಂದು ಮುಚ್ಚಿಟ್ಟಿರುತ್ತಿತ್ತು. ಮಾವನಿಗೆ ಅದು ಗೊತ್ತಾಯಿತು.

"ಟ್ರಯಲ್ ಬೇಡ ಅನ್ನೋದು ನೀನೇ, ಮೊಟ್ಟೆ ಇಡೋದೂ ನೀನೇ."

"ಉಪವಾಸ ಇಟ್ಟು ಕೂರಿಸ್ಕೊಳ್ಲಾ?" ಅಂದರು ಅತ್ತೆ.

*

ಮೂವತ್ತಮೂರನೆಯ ದಿನ ಬೆಳಿಗ್ಗೆ ಮಾವ ಹೊಸ ಅಂಗಿ ಹಾಕಿಕೊಂಡು ಜಗುಲಿಯಲ್ಲಿ ಕುಳಿತಿದ್ದರು. ಬಾಯಲ್ಲಿ ಹಲ್ಲಿತ್ತು.

"ಎಲ್ಲಿಗೆ?" ಎಂದರು ಅತ್ತೆ.

"ಅವಳ ಜೊತೆಗೆ. ಎಷ್ಟು ಹೊಡೀತಾರೆ ಅಂತ ನೋಡ್ಬೇಕು. ಜಾಸ್ತಿ ಹೊಡೆದ್ರೆ ಕರ್ಕೊಂಡು ಬರ್ತೀನಿ."

ಬೆಂಜಮಿನ್ ಟ್ರ್ಯಾಕ್ಟರಿನಲ್ಲಿ ಬಸ್ಸಿನವರೆಗೆ ಬಿಟ್ಟ. ಹೊರಡುವ ಮುಂಚೆ ಅತ್ತೆ ಸೆರ್ಫಿಗೆ ಡಬ್ಬಿಯಲ್ಲಿ ಅನ್ನ, ಕೆಂಪಿರುವೆ ಚಟ್ನಿ ಕಟ್ಟಿಕೊಟ್ಟರು. ಅವಳು ಕಾಲಿಗೆ ಬೀಳಲು ಬಗ್ಗಿದಾಗ, "ಅಷ್ಟೆಲ್ಲ ಬೇಡ. ವಾಪಸ್ ಬಂದ್ಮೇಲೆ ಬೀಳು," ಎಂದರು.

ಮರುದಿನ ನಾವಿಬ್ಬರೇ. ಫೋನನ್ನು ಒಲೆಯ ಪಕ್ಕ, ಸಿಗ್ನಲ್ ಸಿಗುವ ಗೂಡಿನಲ್ಲಿಟ್ಟೆವು. ಒಂಬತ್ತು ಗಂಟೆಗೆ ಅದು ಸದ್ದು ಮಾಡಿತು. ಅರಣ್ಯ ಕಾವಲಿನವನ ಸಂದೇಶ: ಹಿಂಡು ಹೊಳೆ ದಾಟಿದೆ, ಒಂದು ಒಂಟಿ ಸಲಗ ಈ ಕಡೆಯೇ ಉಳಿದಿರಬಹುದು.

"ಓದು," ಎಂದರು ಅತ್ತೆ.

"ಹೊಳೆ ದಾಟಿದ್ವಂತೆ."

"ಎಲ್ಲಾ?"

ಹುರುಳಿ ಆರಿಸುತ್ತಿದ್ದೆ. "ಒಂದು ಉಳಿದಿರಬಹುದಂತೆ."

ಹನ್ನೊಂದಾಯಿತು. ಹನ್ನೆರಡಾಯಿತು. ಆರಿಸಿದ ಹುರುಳಿಯನ್ನೇ ಮತ್ತೆ ಆರಿಸಿದೆವು. ಒಂದೂಕಾಲಿಗೆ ಮಾವನ ಫೋನು ಬಂತು. ಹಿಂದೆ ಗಲಾಟೆ, ಯಾರೋ ಸೀಟಿ ಊದುತ್ತಿದ್ದರು.

"ಬಿತ್ತು," ಎಂದರು ಮಾವ.

"ಏನು ಬಿತ್ತು?"

"ಮುಖಕ್ಕೆ. ಸರಳು ಒಳಗೆ ಹೋಗಿದೆ."

ಅತ್ತೆ ನನ್ನ ಕೈಯಿಂದ ಫೋನು ಕಸಿದುಕೊಂಡರು. "ಎದ್ಲಾ? ಎದ್ಲಾ ಹೇಳ್ರೀ!"

ಮಾವ ಏನೋ ಹೇಳಿದರು. ಲೈನು ತುಂಡಾಯಿತು. ನಾನು ತಿರುಗಿ ಮಾಡಿದೆ, ಹೋಗಲಿಲ್ಲ. ಮತ್ತೆ ಮಾಡಿದೆ. ಅತ್ತೆ ಅಂಗಳಕ್ಕೆ ಹೋಗಿ ಹೋತದ ಪಕ್ಕ ನೆಲದ ಮೇಲೆ ಕುಳಿತು, ಅದರ ಕೊರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಲವತ್ತು ನಿಮಿಷ. ನಾನು ಗೂಡಿನ ಹತ್ತಿರದಿಂದ ಕದಲಲಿಲ್ಲ. ಅಲ್ಬನ್‌ನನ್ನು ತಂದ ದಿನವೂ ಮೊದಲು ಫೋನೇ ಬಂದಿತ್ತು.

ಆಮೇಲೆ ಸೆರ್ಫಿಯೇ ಮಾತಾಡಿದಳು. ತುಟಿ ಊದಿದ್ದರಿಂದ ಮಾತು ತೊದಲುತ್ತಿತ್ತು.

"ಅತ್ತಿಗೇ, ಅವ್ವಂಗೆ ಹೇಳು, ಹಲ್ಲೆಲ್ಲ ಇದೆ."

"ಏನಾಯ್ತೇ?"

"ಎದ್ದು ಇನ್ನೂ ಹನ್ನೆರಡು ಹೊಡೆತಕ್ಕೆ ನಿಂತೆ. ಒಂಬತ್ತು ತಡೆದೆ. ಅವರ ಎರಡನೇ ಕೀಪರ್ ಹೋದ ವಾರ ಬೆರಳು ಮುರ್ಕೊಂಡಿದಾಳಂತೆ. ಅಭ್ಯಾಸಕ್ಕಲ್ಲ, ತಂಡಕ್ಕೇ ಇರು ಅಂತಿದಾರೆ. ಕಾಗದಕ್ಕೆ ಸಹಿ ಹಾಕು ಅಂತಿದಾರೆ. ಹೊಸ ಹೆಲ್ಮೆಟ್ಟು, ಕಾಲಿಗೆ, ಎದೆಗೆ, ಎಲ್ಲಾ ಕೊಟ್ರು. ಗೋಣಿಚೀಲ ನೋಡಿ ನಕ್ಕರು ಅತ್ತಿಗೇ. ಆಮೇಲೆ ನಗ್ಲಿಲ್ಲ."

"ಅಪ್ಪ ಏನಂದ್ರು?"

"ಅಪ್ಪ ಅಳ್ತಿದಾನೆ. ಹಲ್ಲು ತೆಗ್ದು ಜೇಬಲ್ಲಿ ಹಾಕ್ಕೊಂಡಿದಾನೆ. ಜಗಳ ಮಾಡೋಕೆ ತೆಗ್ದ, ಅಳು ಬಂತು."

ಅತ್ತೆಗೆ ಎಲ್ಲ ಹೇಳಿದೆ. ಅವರು ಹೋತದ ಕೊರಳು ಬಿಟ್ಟು, ಸೀರೆಯ ಮಣ್ಣು ಒರೆಸಿಕೊಂಡು ಎದ್ದರು.

"ರಾತ್ರಿ ಊಟಕ್ಕೆ ಏನು ಕೊಡ್ತಾರಂತೆ?" ಎಂದು ಕೇಳಿದರು.

*

ಸೆರ್ಫಿ ಅಲ್ಲೇ ಉಳಿದಳು. ಮಾವ ಹೆಲ್ಮೆಟ್ಟು ತಂದು ಮೊಳೆಗೆ ಹಾಕಿದರು. ಎಡಗಡೆಯ ಮೂರು ಸರಳು ಒಳಕ್ಕೆ ಬಗ್ಗಿದ್ದವು. ದಿನಕ್ಕೊಮ್ಮೆ ಅತ್ತೆ ಅದರ ಕಡೆ ನೋಡುತ್ತಿದ್ದರು, ಆಮೇಲೆ ನನ್ನ ಕಡೆ.

ಮೂವತ್ತೊಂಬತ್ತನೆಯ ದಿನ ಬೆಳಿಗ್ಗೆ ನಾನು ಅದನ್ನು ತೆಗೆದುಕೊಂಡೆ.

"ಬೆಂಜಮಿನ್ ಕೈಲಿ ಕಳಿಸೋಣ," ಎಂದರು ಮಾವ.

"ಅವನು ತಂದ್ನಾ? ತಂದೋನ ಹೆಂಡ್ತಿ ಕೊಡ್ಬೇಕು," ಎಂದರು ಅತ್ತೆ. ನನಗೆ, "ನೀನು ತಿರುಗಿ ಬರೋತನಕ ನಾನು ಗದ್ದೆಯಂಚಲ್ಲೇ ಇರ್ತೀನಿ. ತಟ್ಟೆ ಬಡೀತಾ ಇರ್ತೀನಿ. ಸದ್ದು ಕೇಳ್ತಾ ಹೋಗು," ಎಂದರು.

ಒಂಬತ್ತೂವರೆಯ ಬಿಸಿಲು. ಕೊಯ್ದ ಗದ್ದೆಯ ಕೂಳೆಗಳು ಕಾಲಿಗೆ ಚುಚ್ಚಿದವು. ಗದ್ದೆ ಮುಗಿದು ಕಾಡು ಶುರುವಾಗುವಲ್ಲಿ ಅತ್ತೆ ನಿಂತರು. ಹಿತ್ತಾಳೆ ತಟ್ಟೆಗೆ ಸೌಟಿನಿಂದ ಹೊಡೆಯತೊಡಗಿದರು. ಟಣ್, ಟಣ್, ಟಣ್. ನಾನು ತಿರುಗಿ ನೋಡಲಿಲ್ಲ.

ಸಾಲ್ ಮರಗಳ ಕೆಳಗೆ ಒಣಗಿದೆಲೆ. ಪ್ರತಿ ಹೆಜ್ಜೆಗೂ ಸದ್ದು. ನಿಂತರೆ ಸದ್ದು ನಿಲ್ಲುತ್ತಿತ್ತು, ಆಗ ದೂರದ ತಟ್ಟೆ ಕೇಳುತ್ತಿತ್ತು. ದಾರಿ ಬಲಕ್ಕೆ ತಿರುಗಿದ ಮೇಲೆ ಅದೂ ಕೇಳಲಿಲ್ಲ.

ಅಲ್ಬನ್ ಬಿದ್ದಿದ್ದ ಜಾಗವನ್ನು ನಾನು ನೋಡಿರಲಿಲ್ಲ. ನೋಡಿದೊಡನೆ ತಿಳಿಯಿತು. ಹೋಗಿ ಬರುವವರು ಒಂದೊಂದು ಕಲ್ಲಿಟ್ಟು ಮೊಣಕಾಲೆತ್ತರದ ಗುಡ್ಡೆಯಾಗಿತ್ತು. ಒಂದು ಎಳೆಯ ಮರ ಬುಡದಿಂದ ಮುರಿದಿತ್ತು. ಮುರಿದ ಕಡೆ ಆಗಲೇ ಚಿಗುರು ಬಂದಿತ್ತು. ನಾನೂ ಒಂದು ಕಲ್ಲು ಹುಡುಕಿ ಇಟ್ಟೆ.

ಹಿಂದೆ ಎಲೆ ಸರಿದ ಸದ್ದಾಯಿತು.

ನಾನು ನಿಂತೆ. ಅದೂ ನಿಂತಿತು. ಮತ್ತೆ ಸದ್ದು, ಇನ್ನೂ ಹತ್ತಿರ. ಕೈಯಲ್ಲಿದ್ದ ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಂಡೆ. ಯಾಕೆಂದು ಗೊತ್ತಿಲ್ಲ. ಆನೆಯ ಎದುರು ಹೆಲ್ಮೆಟ್ಟಿನಿಂದ ಏನೂ ಆಗುವುದಿಲ್ಲ. ಒಳಗೆ ಸೆರ್ಫಿಯ ಬೆವರಿನ, ಕೊಬ್ಬರಿ ಎಣ್ಣೆಯ ವಾಸನೆ. ನನ್ನ ಉಸಿರು ನನಗೇ ದೊಡ್ಡದಾಗಿ ಕೇಳುತ್ತಿತ್ತು. ಬಗ್ಗಿದ ಸರಳುಗಳ ನಡುವಿನಿಂದ ಪೊದೆಯನ್ನೇ ನೋಡುತ್ತಾ ನಿಂತೆ.

ಮೊದಲು ಬಿಳಿ ಕಿವಿ ಕಾಣಿಸಿತು.

ಹೋತ ಪೊದೆಯಿಂದ ಹೊರಬಂತು. ಅಗಿದು ತುಂಡು ಮಾಡಿದ ಹಗ್ಗ ಕೊರಳಿನಿಂದ ಜೋತಾಡುತ್ತಿತ್ತು. ಮನೆಯಲ್ಲಿದ್ದ ಮಾವನ ಕಣ್ಣು, ಗದ್ದೆಯಂಚಿನ ಅತ್ತೆಯ ಕಣ್ಣು, ಎರಡನ್ನೂ ತಪ್ಪಿಸಿ ಬಂದಿತ್ತು. ಅದು ಹುಟ್ಟಿ ಬೆಳೆದದ್ದು ಬಡಟೋಲಿಯಲ್ಲಿ. ಕಲ್ಲಿನ ಗುಡ್ಡೆಯ ಹತ್ತಿರ ಬಂದಾಗ ಅದು ನಿಂತಿತು. ಮೂಸಲಿಲ್ಲ, ಅರಚಲಿಲ್ಲ. ಮೈಯೆಲ್ಲ ನಡುಗುತ್ತಿತ್ತು.

"ಬಾ," ಎಂದೆ. ಹಗ್ಗ ಹಿಡಿದುಕೊಂಡೆ. ಹೆಲ್ಮೆಟ್ಟು ತೆಗೆಯಲಿಲ್ಲ.

*

ಪ್ರೊಸ್ಪರ್ ಕಾಕಾ ಮನೆಯ ಮುಂದೆ ಬಿದಿರು ಸೀಳುತ್ತಿದ್ದರು. ಪೊಲೀಸ್ ತಂಡದಲ್ಲಿ ಗೋಲಿಗೆ ನಿಂತು ನಿವೃತ್ತರಾದವರು. ನನ್ನನ್ನು ನೋಡಿ ಕತ್ತಿ ಕೆಳಗಿಟ್ಟರು.

"ಯಾರಪ್ಪಾ ಇದು?"

ಹೆಲ್ಮೆಟ್ಟು ತೆಗೆದೆ. "ನಾನು ಕಾಕಾ. ಎಮ್ರೆನ್. ಅಲ್ಬನ್ ಹೆಂಡ್ತಿ."

ಅವರು ಬಿದಿರಿನ ಸ್ಟೂಲೊಂದನ್ನು ನನ್ನ ಕಡೆ ತಳ್ಳಿದರು. ನಾನು ಕೂರಲಿಲ್ಲ.

"ಒಂದೇ ಪಂದ್ಯಕ್ಕೆ ಅಂತ ತಗೊಂಡು ಹೋದ," ಎಂದರು. "ಎರಡು ಮಳೆಗಾಲ ಆಯ್ತು. ಎದುರಿಗೆ ಸಿಕ್ಕಾಗೆಲ್ಲ 'ನಾಳೆ ಕಾಕಾ' ಅಂತಿದ್ದ, ಕಳ್ಳ. ತೊಡೆ ಕೊಡ್ತೀನಿ ಅಂದಿದ್ದ. ನೀನು ನೋಡಿದ್ರೆ ಪೂರ್ತಿ ಹೋತಾನೇ ತಂದಿದೀಯ."

"ಇದು ಕೊಡೋಕಲ್ಲ ಕಾಕಾ. ತಾನಾಗೇ ಬಂತು. ತೊಡೆ ಕೊಡೋಕಾಗಲ್ಲ. ಅತ್ತೆ ಕಡಿಯೋಕೆ ಬಿಡಲ್ಲ."

"ನಂಗೂ ಹಲ್ಲಿಲ್ಲ ಬಿಡು, ನಿಮ್ಮ ಮಾವನ ಹಾಗೆ."

ಎರಡು ಕೈಯಲ್ಲಿ ಹೆಲ್ಮೆಟ್ಟು ಚಾಚಿದೆ. ಅವರು ತೆಗೆದುಕೊಂಡು, ಮಡಿಲಲ್ಲಿಟ್ಟು, ಬೆರಳಿನಿಂದ ಸವರಿದರು. ಹಣೆಯ ಮೇಲೊಂದು ತಗ್ಗು. "ಇದು ಜಲಂಧರದಲ್ಲಿ." ಕಿವಿಯ ಹತ್ತಿರ ಬಿರುಕು. "ಇದು ಭೋಪಾಲ, ಸೆಮಿಫೈನಲ್ಲು." ಎಡಗಡೆಯ ಸರಳುಗಳ ಮೇಲೆ ಬೆರಳು ನಿಂತಿತು.

"ಇದು ನಂದಲ್ಲ."

"ಸೆರ್ಫಿದು. ರೂರ್ಕೆಲಾದಲ್ಲಿ ಬಿತ್ತು. ಸರಿ ಮಾಡ್ಸಿಯೇ ಕೊಡ್ಬೇಕಿತ್ತು ಕಾಕಾ."

"ಚೆಂಡು?"

"ಏನು?"

"ಇಲ್ಲಿಗೆ ಬಡಿದ್ಮೇಲೆ ಚೆಂಡು ಎಲ್ಲಿಗೆ ಹೋಯ್ತು? ಒಳಗಾ, ಹೊರಗಾ?"

ಇದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕಾಕನ ಫೋನಿನಿಂದಲೇ ಸೆರ್ಫಿಗೆ ಮಾಡಿದೆ. ಎತ್ತಿದಳು.

"ಸೆರ್ಫಿ, ಮುಖಕ್ಕೆ ಬಿತ್ತಲ್ಲ, ಆ ಚೆಂಡು ಗೋಲಾಯ್ತಾ?"

"ಹೊರಗೆ ಹೋಯ್ತು," ಎಂದಳು. "ಯಾಕೆ? ಎಲ್ಲಿದೀಯ ನೀನು?"

"ಬಡಟೋಲಿ."

"ಒಬ್ಳೇ ಹೋದ್ಯಾ?" ಎಂದಳು.

"ಹೊರಗೆ ಹೋಯ್ತಂತೆ ಕಾಕಾ," ಎಂದೆ.

"ಹಾಗಾದ್ರೆ ಸರಿ ಮಾಡ್ಸೋದು ಬೇಡ." ಅವರು ಎದ್ದು, ಒಳಗೆ ಗೋಡೆಯ ಮೊಳೆಗೆ ಹೆಲ್ಮೆಟ್ಟು ತೂಗುಹಾಕಿದರು. ಎರಡು ಮಳೆಗಾಲ ಖಾಲಿಯಿದ್ದ ಮೊಳೆ ತುಕ್ಕು ಹಿಡಿದಿತ್ತು. ಹೊರಗೆ ಬಂದು ಹೋತವನ್ನು ನೋಡಿದರು, ಕಾಡಿನ ಕಡೆ ನೋಡಿದರು.

"ನನ್ನ ಅಳಿಯನ ಟ್ರ್ಯಾಕ್ಟರ್ ಇದೆ. ನಿನ್ನನ್ನೂ ಅದನ್ನೂ ಹತ್ತಿಸಿ, ರಸ್ತೆ ಸುತ್ತಿ ಬಿಟ್ಟು ಬರ್ತಾನೆ."

ನನ್ನ ಕೈ ಖಾಲಿಯಾಗಿತ್ತು. ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡೆ.

"ಬೇಡ ಕಾಕಾ. ಗೆದ್ದಿದ್ದಲ್ವಾ? ನಡೆಸ್ಕೊಂಡೇ ಹೋಗ್ತೀನಿ."